ಈ ರಾತ್ರಿ ಎಲ್ಲಿ?

ಬಳ್ಳಾರಿ ಸೀಮೆಗೆ ಗುಳೆ ಹೊಸದಲ್ಲ. ಮುಂಗಡ ಕೊಟ್ಟು ಭಟ್ಟಿಗೆ ಕರೆದೊಯ್ಯುವ ಮೇಸ್ತ್ರಿ, ಬೆಂಗಳೂರಲ್ಲಿ ಮನೆಗೆಲಸ ಕೊಡಿಸುವೆನೆಂಬ ದೂರದ ಅತ್ತೆ, ಎಲ್ಲರೂ ಕೇಡಿಗರಲ್ಲ. ಯಾರು ಕೇಡಿಗರೆಂದು ತಿಳಿಯುವ ಹೊತ್ತಿಗೆ ಮಾತ್ರ ಕೈಯಲ್ಲಿ ಫೋನೂ ಇರುವುದಿಲ್ಲ, ಆಧಾರ್ ಕಾರ್ಡೂ ಇರುವುದಿಲ್ಲ. ಹಾಗೆ ಸಿಕ್ಕಿಬಿದ್ದವಳೊಬ್ಬಳನ್ನು ಬಿಡಿಸಿ, ರಾತ್ರಿ ಹನ್ನೊಂದಕ್ಕೆ ಗಾಂಧಿನಗರದ ಪೊಲೀಸ್ ಠಾಣೆಗೆ ಕರೆತಂದರು ಎಂದಿಟ್ಟುಕೊಳ್ಳಿ. ಕಾಗದಪತ್ರದ ಕೆಲಸ ಬೆಳಗಿನತನಕ ನಡೆದೀತು. ಅವಳು ಈ ರಾತ್ರಿ ಮಲಗುವುದೆಲ್ಲಿ?

ವಯಸ್ಸು ಹದಿನೆಂಟರೊಳಗಿದ್ದರೆ ದಾರಿ ನಿಚ್ಚಳ. 2015ರ ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ ಸಾಮಾನ್ಯವಾಗಿ ಬಾಲಮಂದಿರ. ವಯಸ್ಕಳಾದರೆ ‘ಸಖಿ’ ಕೇಂದ್ರ. ಹಾಸಿಗೆ, ವೈದ್ಯರ ನೆರವು, ವಕೀಲರು, ಆಪ್ತಸಮಾಲೋಚಕಿ ಎಲ್ಲ ಒಂದೇ ಸೂರಿನಡಿ, ಆದರೆ ಐದು ದಿನಕ್ಕೆ. ಮುಂದಕ್ಕೆ ‘ಶಕ್ತಿ ಸದನ’, ಮೂರು ವರ್ಷದವರೆಗೆ. 2007ರಲ್ಲಿ ಮಾನವ ಸಾಗಣೆಗೆ ಸಿಕ್ಕವರಿಗೆಂದೇ ಬಂದ ‘ಉಜ್ವಲಾ’ ಯೋಜನೆ ಈಗ ಇದರೊಳಗೇ ಸೇರಿದೆ.

ತೊಡಕಿರುವುದು ಬಾಗಿಲಿನಲ್ಲಿ. ಅದರ ಚಿಲಕ ಒಳಗಿದೆಯೋ, ಹೊರಗಿದೆಯೋ? 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಡಿ, ಬಿಡಿಸಿಕೊಂಡು ಬಂದವಳನ್ನು ಮ್ಯಾಜಿಸ್ಟ್ರೇಟರು ವಿಚಾರಣೆಯ ನಂತರ ಒಂದರಿಂದ ಮೂರು ವರ್ಷ ರಕ್ಷಣಾಲಯದಲ್ಲಿ ಇರಿಸಬಹುದು. ತಪ್ಪು ಮಾಡಿದವನು ಜಾಮೀನಿನ ಮೇಲೆ ಊರು ಸುತ್ತುತ್ತಿರುವಾಗ ನೊಂದವಳು ಕಾಂಪೌಂಡಿನೊಳಗೆ ದಿನ ಎಣಿಸುವುದೂ ಉಂಟು. ಇದಕ್ಕೆ ಆಸರೆ ಎನ್ನಲು ನನಗೆ ನಾಲಿಗೆ ಏಳದು. ಇಂಥ ರಕ್ಷಣಾಲಯಗಳ ಸಮೀಕ್ಷೆ ನಡೆಸಿ, ಇಷ್ಟವಿಲ್ಲದೆ ಇರಿಸಿಕೊಂಡ ವಯಸ್ಕ ಹೆಂಗಸರನ್ನು ಬಿಡುವ ಕ್ರಮ ಕೈಗೊಳ್ಳಿ ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ರಾಜ್ಯಗಳಿಗೆ ಸೂಚಿಸಿತು. ಪತ್ರಿಕೋದ್ಯಮ ಬಿಟ್ಟು ಬಂದ ಸ್ಟ್ಯಾನ್ಲಿ, ಪರಶು ಇಂಥ ನೊಂದವರಿಗಾಗಿ ಮೈಸೂರಲ್ಲಿ ಕಟ್ಟಿದ ಸಂಸ್ಥೆಯ ಹೆಸರು ‘ಒಡನಾಡಿ’. ‘ಉದ್ಧಾರ’ದ ಮಾತಿಗಿಂತ ಆ ಹೆಸರೇ ನನಗೆ ಹಿತ.

ಸೂರಿನ ಜೊತೆ ಕಾಸೂ ಬೇಕು. ಜೀತದಿಂದ ಬಿಡಿಸಿದವರಿಗೆ ತಕ್ಷಣ 30,000 ರೂಪಾಯಿವರೆಗೆ ನೆರವುಂಟು; ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರು–ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಈ ದೊಡ್ಡ ಮೊತ್ತಕ್ಕೆ ಆರೋಪಿಗೆ ಶಿಕ್ಷೆಯಾಗಬೇಕೆಂಬ ಗಂಟು ಹಾಕಿದ್ದಾರೆ. ಕೋರ್ಟಿನ ನಡಿಗೆ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

‘ಮನೆಗೆ ಕಳಿಸಿದರಾಯಿತಲ್ಲ?’ ಎಂದು ಕೇಳುವವರಿದ್ದಾರೆ. ಈ ಸೀಮೆಯಲ್ಲಿ ಮುತ್ತು ಕಟ್ಟಿ ಮಗಳನ್ನು ದೇವದಾಸಿಯಾಗಿ ಬಿಡುತ್ತಿದ್ದದ್ದು ಹೆತ್ತವರೇ. 1982ರ ದೇವದಾಸಿ ನಿಷೇಧ ಕಾಯ್ದೆಯ ನಂತರ, 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯ ಗುರುತಿಸಿದವರು 46,660 ಮಂದಿ. ಅವರು ಕಂಡುಬಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮನೆಗೆ ಕಳಿಸುವ ವಿಷಯದಲ್ಲಿ ಅನೈತಿಕ ಸಾಗಣೆ ತಡೆ ಕಾಯ್ದೆ ಒಂದು ಎಚ್ಚರ ಇಟ್ಟಿದೆ: ತಂದೆತಾಯಿ ಬಂದು ನಿಂತರೂ ಮ್ಯಾಜಿಸ್ಟ್ರೇಟರು ಸಂಸ್ಥೆಯೊಂದರಿಂದ ಮನೆ ವಿಚಾರಿಸಿದ ಮೇಲಷ್ಟೇ ಒಪ್ಪಿಸಬೇಕು. ವಿಚಾರಣೆಗೆ ಹೋದ ಕಾರ್ಯಕರ್ತೆ ಅಂಗಳದಲ್ಲಿ ಕೂತು, ಮುಂಗಡ ಯಾರು ಇಸಕೊಂಡರು, ಅಂದು ಬಸ್ ಹತ್ತಿಸಿದವರು ಯಾರು ಎಂದು ಒಂದೊಂದೇ ಕೇಳುತ್ತಾಳೆ. ಕೆಲವೊಮ್ಮೆ ಉತ್ತರ, ಕರೆದೊಯ್ಯಲು ಬಳ್ಳಾರಿಗೆ ಬಂದು ಕೂತ ಸೋದರಮಾವನದೇ ಹೆಸರು.