ಟೊಮ್ಯಾಟೊ ಬೆಲೆ ಬೀಳದ ಊರು

ಗೇಮ್ ಅಂದ ಕೂಡಲೇ ನಮ್ಮ ನ್ಯೂಸ್ ಚಾನೆಲ್‌ಗಳ ಪರದೆ ಮೇಲೆ ಎರಡೇ ಚಿತ್ರ ಬರುತ್ತವೆ. ಒಂದು, ಬಂದೂಕು ಹಿಡಿದು ಓಡುವವನು. ಇನ್ನೊಂದು, ರಮ್ಮಿ ಆಡಿ ಮನೆ ಕಳೆದುಕೊಂಡವನು. ಎರಡನೆಯದು ನಿಜಕ್ಕೂ ಗಂಭೀರ ವಿಷಯ, ಅದರ ಬಗ್ಗೆ ಈ ಅಂಕಣದಲ್ಲೇ ಮಾತಾಡಿದ್ದೀವಿ. 2025ರಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕಾನೂನು ತಂದು ನಿಷೇಧಿಸಿದ್ದೂ ಅದಕ್ಕೇ. ಆದರೆ ಇವತ್ತು ಹೇಳೋಕೆ ಹೊರಟಿರೋದು ಈ ಎರಡೂ ಅಲ್ಲದ ಮೂರನೇ ಥರದ ಆಟದ ಬಗ್ಗೆ.

ಕೆ.ಆರ್. ಪುರದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಅವರಿಗೆ ಕೋಲಾರದ ಕಡೆ ಎರಡು ಎಕರೆ ಜಮೀನಿದೆ. ಮಗಳು ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. "ತೋಟಕ್ಕೆ ಒಂದ್ಸಲ ಬಂದು ನೋಡಮ್ಮ ಅಂದ್ರೆ ಟೈಮಿಲ್ಲ ಅಂತಾಳೆ ಸರ್. ರಾತ್ರಿ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್‌ನಲ್ಲಿ ಕೂತು ಟೊಮ್ಯಾಟೊ ಗಿಡಕ್ಕೆ ನೀರು ಹಾಕ್ತಾಳೆ. ಏನಿದೆ ಅದರಲ್ಲಿ?"

ಒಳ್ಳೇ ಪ್ರಶ್ನೆ. ಆ ಆಟದ ಹೆಸರು ಸ್ಟಾರ್‌ಡ್ಯೂ ವ್ಯಾಲಿ. 2016ರ ಫೆಬ್ರವರಿಯಲ್ಲಿ ಬಂತು. 2024ರ ಕೊನೆ ಹೊತ್ತಿಗೆ 4 ಕೋಟಿ 10 ಲಕ್ಷ ಪ್ರತಿ ಮಾರಾಟ ಆಗಿತ್ತು. ಇದನ್ನು ಮಾಡಿದ್ದು ದೊಡ್ಡ ಕಂಪನಿ ಅಲ್ಲ, ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ. ಅಮೆರಿಕದ ಸಿಯಾಟಲ್ ಕಡೆಯವನು. 2011ರಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಮುಗಿಸಿದ, ಕೆಲಸ ಸಿಗಲಿಲ್ಲ. ಕೋಡಿಂಗ್ ಕೈ ಬಿಟ್ಟು ಹೋಗಬಾರದು ಅಂತ ಒಂದು ಸಣ್ಣ ಆಟ ಶುರು ಮಾಡಿದ. ಸಂಜೆ ಒಂದು ಥಿಯೇಟರ್‌ನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ ಮಾಡ್ತಾ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೋಡು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ಒಬ್ಬನೇ ಮಾಡಿದ. ಇಂಜಿನಿಯರಿಂಗ್ ಮುಗಿಸಿ ಕ್ಯಾಂಪಸ್ ಪ್ಲೇಸ್‌ಮೆಂಟ್ ಸಾಲಿನಲ್ಲಿ ನಿಂತ ನನ್ನಂಥವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅರ್ಥ ಆಗುತ್ತೆ.

ಈಗ ಆಟದೊಳಗೆ ಬನ್ನಿ. ಇದು ರೋಲ್ ಪ್ಲೇಯಿಂಗ್ ಗೇಮ್, ಅಂದ್ರೆ ವೇಷ ಕಟ್ಟುವ ಆಟ. ಯಕ್ಷಗಾನದಲ್ಲಿ ವೇಷ ಕಟ್ಟಿದವನು ರಾತ್ರಿಯಿಡೀ ಆ ಪಾತ್ರವೇ ಆಗಿರ್ತಾನಲ್ಲ, ಹಾಗೆ. ಇಲ್ಲಿ ನಿಮ್ಮ ಪಾತ್ರ ಒಬ್ಬ ಆಫೀಸ್ ನೌಕರ. ಜೋಜಾ ಅನ್ನೋ ದೊಡ್ಡ ಕಂಪನಿಯಲ್ಲಿ ಸಾಲು ಸಾಲು ಮೇಜುಗಳ ನಡುವೆ ಒಂದು ಮೇಜು ನಿಮ್ಮದು. ಒಂದು ದಿನ ತಾತ ಕೊಟ್ಟುಹೋದ ಕಾಗದ ಒಡೆದು ಓದ್ತೀರಿ. ಹಳ್ಳಿಯಲ್ಲಿ ಪಾಳು ಬಿದ್ದ ತೋಟ ನಿಮ್ಮ ಹೆಸರಿಗಿದೆ. ಕೆಲಸ ಬಿಟ್ಟು ಬಸ್ ಹತ್ತುತ್ತೀರಿ. ಕೈಯಲ್ಲಿ 500 ನಾಣ್ಯ, ಒಂದಿಷ್ಟು ಹಳೇ ಹತಾರ, 15 ಬೀಜ.

ಇಷ್ಟೇ ಆಗಿದ್ದರೆ ಇದೊಂದು ಬೇಸಾಯದ ಆಟ. ಆ ಥರದ್ದು ಹೊಸದಲ್ಲ, 1996ರಲ್ಲೇ ಜಪಾನಿನಿಂದ ಹಾರ್ವೆಸ್ಟ್ ಮೂನ್ ಬಂದಿತ್ತು, ಬರೋನ್ ಚಿಕ್ಕಂದಿನಲ್ಲಿ ಆಡಿ ಮೆಚ್ಚಿದ್ದು ಅದನ್ನೇ. ಸ್ಟಾರ್‌ಡ್ಯೂನ ಗುಟ್ಟು ಬೇರೆ. ಇದರಲ್ಲಿ ಐದಾರು ಜಾತಿಯ ಆಟಗಳಿವೆ, ಒಂದಕ್ಕೊಂದು ಹೆಣೆದುಕೊಂಡಿವೆ. ಹೇಗೆ ಅಂತ ನೋಡಿ.

ಬೆಳಗ್ಗೆ ಎದ್ದು ಗಿಡಗಳಿಗೆ ನೀರು ಹಾಕಬೇಕು. ಅದಕ್ಕೆ ಶಕ್ತಿ ಖರ್ಚು. ಕೈಯಿಂದ ಹಾಕಿ ಸುಸ್ತಾಯ್ತು, ಸ್ಪ್ರಿಂಕ್ಲರ್ ಬೇಕು ಅನ್ಸುತ್ತೆ. ಸ್ಪ್ರಿಂಕ್ಲರ್‌ಗೆ ತಾಮ್ರ, ಕಬ್ಬಿಣ ಬೇಕು. ಅದು ಸಿಗೋದು ಗಣಿಯಲ್ಲಿ. 120 ಹಂತದ ಗಣಿ, ಒಳಗೆ ಪ್ರಾಣಿ, ಪಿಶಾಚಿ. ಅಲ್ಲಿಗೆ ಇದು ಕತ್ತಿ ಹಿಡಿದು ಕಾದಾಡುವ ಆಟ ಆಯ್ತು. ಕಾದಾಡಿ ಪೆಟ್ಟು ಬಿದ್ದರೆ ಊಟ ಬೇಕು, ಊಟ ಬರೋದು ತೋಟದಿಂದ. ಮಳೆ ಬಂದ ದಿನ ನೀರು ಹಾಕುವ ಕೆಲಸ ಇಲ್ಲ, ಹೊಳೆ ಕಡೆ ಹೋಗಿ ಮೀನು ಹಿಡೀಬಹುದು. ಅದು ಕೈಚಳಕದ ಆಟ. ಊರಿನಲ್ಲಿ ಜನ ಇದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಇಷ್ಟ, ಒಂದೊಂದು ನೋವು. ವಾರಕ್ಕೆ ಎರಡೇ ಉಡುಗೊರೆ ಕೊಡಬಹುದು. ಸ್ನೇಹ ಬೆಳೆದಂತೆ ಅವರ ಕಥೆ ಬಿಚ್ಚಿಕೊಳ್ಳುತ್ತೆ, ಬೇಕಾದರೆ ಮದುವೆಯೂ ಆಗಬಹುದು. ಅದು ಸಂಸಾರದ ಆಟ.

ಇವೆಲ್ಲವನ್ನೂ ಕಟ್ಟುವ ದಾರ ಇನ್ನೊಂದಿದೆ. ಊರಿನ ಮಧ್ಯೆ ಒಂದು ಹಾಳುಬಿದ್ದ ಸಮುದಾಯ ಭವನ, ಅದರಲ್ಲಿ ಆರು ಕೋಣೆ. ಒಂದನ್ನು ಸರಿಮಾಡೋಕೆ ಬೆಳೆ ಬೇಕು, ಇನ್ನೊಂದಕ್ಕೆ ಮೀನು, ಮತ್ತೊಂದಕ್ಕೆ ಗಣಿಯ ಲೋಹ. ಬರೀ ಬೇಸಾಯ ಇಷ್ಟ ಅಂತ ಕೂತವರೂ ಹೊಳೆಗೆ ಹೋಗಲೇಬೇಕು, ಗಣಿಗೆ ಇಳಿಯಲೇಬೇಕು. ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ಅದಕ್ಕೂ ದಾರಿ ಇದೆ. ನೀವು ಬಿಟ್ಟು ಬಂದ ಅದೇ ಜೋಜಾ ಕಂಪನಿಯ ಅಂಗಡಿ ಆ ಊರಿಗೂ ಬಂದಿದೆ. 5,000 ನಾಣ್ಯ ಕೊಟ್ಟು ಮೆಂಬರ್ ಆದರೆ ಭವನ ಅವರ ಗೋದಾಮು ಆಗುತ್ತೆ, ಉಳಿದ ಸೌಕರ್ಯವನ್ನು ದುಡ್ಡು ಕೊಟ್ಟು ಪಡೀಬಹುದು. ತೀರ್ಮಾನ ನಿಮ್ಮದು.

ನಮ್ಮ ಕಂಪನಿ ನಾಟಕ ನೋಡಿದವರಿಗೆ ಈ ಹದ ಗೊತ್ತು. ಒಂದೇ ಟಿಕೆಟ್‌ಗೆ ಹಾಡು, ಹಾಸ್ಯ, ಯುದ್ಧ, ಕಣ್ಣೀರು. ಹಾಡು ಬೇಡದವನಿಗೆ ಹಾಸ್ಯ ಇತ್ತು, ಹಾಸ್ಯಕ್ಕೆ ಬಂದವನು ಕಥೆಯಲ್ಲಿ ಸಿಕ್ಕಿಕೊಳ್ತಿದ್ದ.

ಬಿಡೋಕಾಗದ ಹಾಗೆ ಮಾಡುವ ಲೆಕ್ಕಾಚಾರವೂ ಇದೆ, ಅದನ್ನು ಪೋಷಕರು ತಿಳಿದಿರಬೇಕು. ಆಟದ ಹತ್ತು ನಿಮಿಷಕ್ಕೆ ನಮ್ಮ ಏಳು ಸೆಕೆಂಡು. ಬೆಳಗ್ಗೆ ಆರರಿಂದ ರಾತ್ರಿ ಎರಡರವರೆಗಿನ ಒಂದು ದಿನ ಹೆಚ್ಚುಕಡಿಮೆ 14 ನಿಮಿಷದಲ್ಲಿ ಮುಗಿಯುತ್ತೆ. ಮಲಗಿದರೆ ಮಾತ್ರ ಆಟ ಸೇವ್ ಆಗುತ್ತೆ. ಮಲಗಿ ಎದ್ದರೆ ಯಾವುದೋ ಗಿಡದಲ್ಲಿ ಕಾಯಿ ಬಂದಿರುತ್ತೆ. ಇನ್ನೊಂದೇ ದಿನ, ಇನ್ನೊಂದೇ ದಿನ ಅಂತ ಮೂರು ಗಂಟೆ ಹೋಗಿರುತ್ತೆ. ಸಮಾಧಾನದ ವಿಷಯ ಅಂದ್ರೆ ಒಮ್ಮೆ ಕೊಂಡರೆ ಮುಗಿಯಿತು. ಒಳಗೆ ನಿಜವಾದ ದುಡ್ಡು ಹಾಕುವ ಜಾಗ ಇಲ್ಲ, ಜಾಹೀರಾತಿಲ್ಲ. ರಮ್ಮಿ ಆ್ಯಪ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮಕ್ಕಳನ್ನು ಬೈಯ್ಯೋ ಮೊದಲು ಆಟ ಯಾವುದು, ಅದರೊಳಗೆ ದುಡ್ಡು ಹೋಗುತ್ತಾ, ಮಲಗೋದು ಎಷ್ಟು ಹೊತ್ತಿಗೆ ಅಂತ ಕೇಳಿ. ಈ ಮೂರು ಪ್ರಶ್ನೆ ಸಾಕು.

ನಾನಿರೋದು ಬೆನ್ಸನ್ ಟೌನ್‌ನಲ್ಲಿ, ಕಂಟೋನ್ಮೆಂಟ್ ಸ್ಟೇಷನ್ ಹತ್ತಿರ. ದೊಡ್ಡ ಕಾಂಪೌಂಡು, ಮರ, ಒಳಗೊಂದು ಬಂಗಲೆ ಅನ್ನುವಂತಿದ್ದ ಬಡಾವಣೆ. ಈಗ ಎಷ್ಟೋ ಕಾಂಪೌಂಡುಗಳಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನಮ್ಮ ಬಿಲ್ಡಿಂಗ್‌ನಲ್ಲಿ ಮಣ್ಣು ಅಂತ ಇರೋದು ಬಾಲ್ಕನಿಯ ಕುಂಡದಲ್ಲಿ ಮಾತ್ರ. ಅಲ್ಲೇ ಇಬ್ಬರು ಈ ಆಟ ಆಡ್ತಾರೆ. ಇಬ್ಬರದ್ದೂ ಊರಿನಲ್ಲಿ ಜಮೀನಿದೆ, ಇಬ್ಬರೂ ಅಲ್ಲಿಗೆ ವಾಪಸ್ ಹೋಗಲ್ಲ. ಯಾಕೆ ಅಂತ ಕೇಳಿದರೆ ಒಬ್ಬ ಹುಡುಗ ಹೇಳಿದ, "ಅಣ್ಣಾ, ಇಲ್ಲಿ ಹಾಕಿದ್ದಕ್ಕೆ ಲೆಕ್ಕ ಸಿಗುತ್ತೆ."

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಆಟದಲ್ಲಿ ಟೊಮ್ಯಾಟೊ ಬೀಜ 50 ನಾಣ್ಯ. 11 ದಿನಕ್ಕೆ ಫಸಲು, ಆಮೇಲೆ ಬೇಸಿಗೆ ಮುಗಿಯುವವರೆಗೂ ನಾಲ್ಕು ದಿನಕ್ಕೊಮ್ಮೆ ಕಾಯಿ. ಸಾಧಾರಣ ಹಣ್ಣಿಗೆ 60 ನಾಣ್ಯ. ಮನೆ ಮುಂದಿನ ಪೆಟ್ಟಿಗೆಯಲ್ಲಿ ಹಾಕಿ ಮಲಗಿದರೆ ಬೆಳಗ್ಗೆ ದುಡ್ಡು ಬಂದಿರುತ್ತೆ. ಹತ್ತು ಹಣ್ಣು ಹಾಕಿದರೂ ಸಾವಿರ ಹಾಕಿದರೂ ಅದೇ ಬೆಲೆ. ದಲ್ಲಾಳಿ ಇಲ್ಲ, ಕಮಿಷನ್ ಇಲ್ಲ, ಲಾರಿ ಬಾಡಿಗೆ ಇಲ್ಲ. ಒಂದು ದಿನ ನೀರು ತಪ್ಪಿದರೂ ಗಿಡ ಸಾಯಲ್ಲ, ಬೆಳವಣಿಗೆ ಒಂದು ದಿನ ನಿಲ್ಲುತ್ತೆ ಅಷ್ಟೆ.

ಕೋಲಾರದ ಎಪಿಎಂಸಿ ಏಷ್ಯಾದ ಅತಿ ದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ ಅಲ್ಲಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿ ದಾಟಿತ್ತು. ಆಗ ಎಲ್ಲ ಚಾನೆಲ್‌ನವರೂ ಅಲ್ಲಿದ್ದೆವು. ಅದೇ ಜಿಲ್ಲೆಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ದಿನಗಳನ್ನೂ ನೀವು ಟಿವಿಯಲ್ಲಿ ನೋಡಿದ್ದೀರಿ. ಬೆವರು ಎರಡೂ ವರ್ಷ ಒಂದೇ, ಬೆಲೆ ಮಾತ್ರ ಬೇರೆ.

1972ರಲ್ಲಿ ಬಂಗಾರದ ಮನುಷ್ಯ ಬಂದಾಗ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಓದಿದ ಹುಡುಗರು ಊರಿಗೆ ಮರಳಿ ಬೇಸಾಯ ಹಿಡಿದರು ಅನ್ನೋ ಮಾತು ಇವತ್ತಿಗೂ ಇದೆ. ಈಗಿನ ದಾರಿ ಉಲ್ಟಾ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಮೊದಲಿದ್ದ 25 ಲಕ್ಷದ ಆದಾಯ ಮಿತಿಯೂ ಇಲ್ಲ. ದುಡ್ಡಿದ್ದವರಿಗೆ ವೀಕೆಂಡ್ ತೋಟ ಸಿಗುತ್ತೆ. ತೋಟದಲ್ಲೇ ಹುಟ್ಟಿದ ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡು ಲ್ಯಾಪ್‌ಟಾಪ್‌ನಲ್ಲಿ ನೀರು ಹಾಕ್ತಾರೆ.

ಹಾಗಂತ ಆ ಮಕ್ಕಳಿಗೆ ಮಣ್ಣು ಬೇಡ ಅಂತ ಅಲ್ಲ. ಬೇಡ ಅಂದಿದ್ದರೆ ಗಣಿ, ಮೀನು, ಮದುವೆ ಎಲ್ಲ ಇರುವ ಆಟದಲ್ಲಿ ಮೊದಲು ಗಿಡದ ಹತ್ತಿರ ಯಾಕೆ ಓಡ್ತಾರೆ? ಅವರಿಗೆ ಬೇಡವಾಗಿರೋದು ಅಪ್ಪನ ಮುಖದಲ್ಲಿ ನೋಡಿದ ಆ ಅನಿಶ್ಚಿತತೆ. ಕಷ್ಟಪಟ್ಟರೆ ಇಷ್ಟು ಸಿಗುತ್ತೆ ಅಂತ ಮುಂಚೆಯೇ ಗೊತ್ತಿರುವ ಜಾಗ ಅವರಿಗೆ ಬೇಕು. ಅದನ್ನು ಒಂದು ಆಟ ಕೊಟ್ಟಿದೆ. ಫ್ರೀಡಂ ಪಾರ್ಕ್‌ನಲ್ಲಿ ಹಸಿರು ಶಾಲು ಹೊದ್ದು ಕೂರುವ ರೈತರು ಕೇಳ್ತಿರೋದೂ ಇದನ್ನೇ, ಬೆಳೆದದ್ದಕ್ಕೆ ಮುಂಚೆಯೇ ಗೊತ್ತಿರುವ ಒಂದು ಬೆಲೆ. ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಘೋಷಿಸುವ 22 ಬೆಳೆಗಳಿವೆ. ಭತ್ತ ಇದೆ, ರಾಗಿ ಇದೆ, ತೊಗರಿ ಇದೆ. ಟೊಮ್ಯಾಟೊ ಇಲ್ಲ.