ಅಡಿಗೆಯ ಮೊದಲ ಪಾಠ

ಅಡಿಗೆಮನೆಯು ಹೆಂಗಸರಿಗೆ ಮಾತ್ರ ಸೇರಿದ್ದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ರುಚಿಯಾದ ಅಡಿಗೆಯನ್ನು ಹೊಗಳುವಾಗ ನಾವು ‘ನಳಪಾಕ’, ‘ಭೀಮಪಾಕ’ ಎನ್ನುತ್ತೇವೆ. ನಳನು ಅರಸು. ಗದೆ ಹಿಡಿದ ಭೀಮನಾದರೋ ಅಜ್ಞಾತವಾಸದ ಒಂದು ವರ್ಷ ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಿಂದ ಸೌಟು ಹಿಡಿದವನು. 16ನೆಯ ಶತಮಾನದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಕನ್ನಡ ಪದ್ಯದಲ್ಲಿಯೇ ರಚಿಸಿದನು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಿಂದ ಹುಡುಗ ಹುಡುಗಿಯರು ಹತ್ತನೆಯ ತರಗತಿ ಮುಗಿಸಿ ಬೆಳಗಾವಿಗೋ ಧಾರವಾಡಕ್ಕೋ ಓದಲು ಹೋಗುತ್ತಾರೆ. ಬಾಡಿಗೆಯ ಕೋಣೆ, ಒಂದು ಒಲೆ, ಎರಡು ಪಾತ್ರೆ. ಊರಿನಿಂದ ಬಸ್ಸಿನಲ್ಲಿ ಬುತ್ತಿ ಬಂದ ದಿನ ಚಿಂತೆಯಿಲ್ಲ. ಬಾರದ ದಿನ, ಬೇಯಿಸಲು ಅರಿಯದವರಿಗೆ ಚುರುಮುರಿಯೇ ಗತಿ. ಆ ದಿನ ಬರುವುದಕ್ಕೆ ಮೊದಲೇ ಸ್ವಲ್ಪವಾದರೂ ಅಡಿಗೆ ಕಲಿತಿರುವುದು ಒಳ್ಳೆಯದು.

ಮೊದಲ ಪಾಠಕ್ಕೆ ಮೊಟ್ಟೆಯೇ ತಕ್ಕ ವಸ್ತು. 2024ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆ ಆರಂಭವಾದುದರಿಂದ ಬೇಯಿಸಿದ ಮೊಟ್ಟೆಯು ವಿದ್ಯಾರ್ಥಿಗಳಿಗೆ ಹೊಸದಲ್ಲ. ಮೊಟ್ಟೆ ತಿನ್ನದವರು ಇದೇ ಪಾಠವನ್ನು ಆಲೂಗಡ್ಡೆಯಿಂದ ಆರಂಭಿಸಬಹುದು.

ಮೊದಲು ಮೊಟ್ಟೆಯನ್ನು ತಣ್ಣೀರಿನಲ್ಲಿ ಬಿಟ್ಟು ನೋಡಬೇಕು. ಹೊಸದಾಗಿದ್ದರೆ ಅದು ತಳದಲ್ಲಿ ಅಡ್ಡಲಾಗಿ ಮಲಗುತ್ತದೆ. ಹಳೆಯದಾದಂತೆ ನೆಟ್ಟಗೆ ನಿಲ್ಲುತ್ತದೆ. ತೀರ ಹಳೆಯದು ತೇಲುತ್ತದೆ. ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿನ ತೇವವು ಹೊರಹೋಗಿ, ಗಾಳಿಯು ಆ ಸ್ಥಳವನ್ನು ತುಂಬುವುದೇ ಇದಕ್ಕೆ ಕಾರಣ. ತೇಲಿದ ಮೊಟ್ಟೆಯನ್ನು ಬಿಟ್ಟು ಉಳಿದವನ್ನು ಪಾತ್ರೆಯಲ್ಲಿಟ್ಟು, ಅವು ಮುಳುಗಿ ಒಂದು ಬೆರಳು ಮೇಲೆ ನಿಲ್ಲುವಷ್ಟು ನೀರೆರೆದು, ಒಲೆಯ ಮೇಲೆ ಇಡಬೇಕು. ನೀರು ಕುದಿ ಹಿಡಿದೊಡನೆ ಉರಿಯನ್ನು ತಗ್ಗಿಸಿ, ಅಲ್ಲಿಂದ ಹತ್ತು ನಿಮಿಷ ಎಣಿಸಿ, ಇಳಿಸಿ ತಣ್ಣೀರಿಗೆ ಹಾಕಬೇಕು.

ಉರಿಯನ್ನು ತಗ್ಗಿಸುವುದೇಕೆ? ಒಮ್ಮೆ ಕುದಿ ಹಿಡಿದ ನೀರು ಎಷ್ಟು ಉರಿ ಹಾಕಿದರೂ ಇನ್ನಷ್ಟು ಬಿಸಿಯಾಗದು. ಕಡಲ ತೀರದಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎತ್ತರದಲ್ಲಿರುವ ಗೋಕಾಕದಲ್ಲಿ ಸುಮಾರು 98ರಲ್ಲಿ. ಹೆಚ್ಚಿನ ಉರಿಯು ನೀರನ್ನು ಆವಿಮಾಡಿ ಇಂಧನವನ್ನು ಸುಡುವುದಷ್ಟೇ. ಹೊಸಬರು ಎಲ್ಲ ಅಡಿಗೆಯಲ್ಲಿಯೂ ಮಾಡುವ ತಪ್ಪು ಇದೇ.

ಬೆಣ್ಣೆಯು ಬಿಸಿಯಾದರೆ ಕರಗುತ್ತದೆ, ಮೊಟ್ಟೆಯು ಗಟ್ಟಿಯಾಗುತ್ತದೆ. ಮೊಟ್ಟೆಯ ಬಿಳಿಭಾಗದಲ್ಲಿ ಹೆಚ್ಚಿನಂಶ ನೀರು. ಅದರೊಳಗೆ ಪ್ರೋಟೀನಿನ ಕಣಗಳು ನೂಲಿನ ಉಂಡೆಗಳಂತೆ ಸುತ್ತಿಕೊಂಡಿರುತ್ತವೆ. ಶಾಖವು 60 ಡಿಗ್ರಿಯನ್ನು ದಾಟಿದಾಗ ಈ ಉಂಡೆಗಳು ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದು, ಬಲೆಯಾಗಿ ನೀರನ್ನು ಹಿಡಿದಿಡುತ್ತವೆ. ಹೆಣೆದ ಬಲೆಯು ಮತ್ತೆ ಉಂಡೆಯಾಗದು. ಆದುದರಿಂದ ತಣಿಸಿದರೂ ಮೊಟ್ಟೆಯು ನೀರಾಗದು. ಅತಿಯಾಗಿ ಬೇಯಿಸಿದರೆ ಬಿಳಿಭಾಗದ ಗಂಧಕವು ಹಳದಿಯ ಕಬ್ಬಿಣದೊಡನೆ ಸೇರಿ ಹಳದಿಯ ಸುತ್ತ ಹಸಿರು ಬಳೆಯೊಂದು ಮೂಡುತ್ತದೆ. ಅದು ವಿಷವಲ್ಲ, ಹೊತ್ತು ಮೀರಿದುದರ ಗುರುತು. ಇನ್ನೊಂದು ವಿಚಿತ್ರವೆಂದರೆ, ಆಗತಾನೆ ಇಟ್ಟ ಮೊಟ್ಟೆಗಿಂತ ಕೆಲವು ದಿನ ಕಳೆದ ಮೊಟ್ಟೆಯ ಸಿಪ್ಪೆಯೇ ಸುಲಭವಾಗಿ ಬಿಡುತ್ತದೆ.

ನೀರು, ಉರಿ, ಹೊತ್ತು ಇವನ್ನು ಅರಿತ ಮೇಲೆ ಅನ್ನ, ಬೇಳೆ ಕಷ್ಟವಲ್ಲ. ಈ ಸೀಮೆಯವರಿಗೆ ನಿಜವಾದ ಪರೀಕ್ಷೆ ಜೋಳದ ರೊಟ್ಟಿ. ಗೋದಿಯ ಹಿಟ್ಟಿಗೆ ಜಿಗಿ ಕೊಡುವ ಪ್ರೋಟೀನು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿ ಬಡಿದರೆ ರೊಟ್ಟಿಯು ಅಂಚಿನಲ್ಲಿ ಒಡೆಯುತ್ತದೆ. ಆದುದರಿಂದಲೇ ನಮ್ಮ ತಾಯಂದಿರು ಹಿಟ್ಟಿಗೆ ಕುದಿಯುವ ಎಸರನ್ನು ಹಾಕುತ್ತಾರೆ. ಆ ಶಾಖಕ್ಕೆ ಹಿಟ್ಟಿನ ಪಿಷ್ಟವು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಜಿಗಿಯ ಕೆಲಸವನ್ನು ಅದೇ ಮಾಡುತ್ತದೆ. ಸುಡುವ ಹಿಟ್ಟಿಗೆ ಕೈ ಹಾಕದೆ ಮೊದಲು ಸೌಟಿನಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಬೇಕು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿ, ಅದು ಆರುತ್ತಿರುವಾಗ ಮಗುಚಿದರೆ ಒಳಗಿನ ತೇವವು ಆವಿಯಾಗಿ ರೊಟ್ಟಿಯನ್ನು ಉಬ್ಬಿಸುತ್ತದೆ.

ಬಡಿಯುವ ಕೈಯ ಹದವನ್ನು ಮಾತ್ರ ಪುಸ್ತಕವು ಕಲಿಸಲಾರದು. ಅವ್ವನ ಪಕ್ಕದಲ್ಲಿ ಕುಳಿತು ನೋಡಬೇಕು. ಮೊದಲ ರೊಟ್ಟಿಯು ದುಂಡಗಾಗದೆ ಯಾವುದೋ ದೇಶದ ನಕಾಶೆಯಂತೆ ಆಗಬಹುದು. ಬದನೆಕಾಯಿ ಪಲ್ಯದೊಡನೆ ಅದೂ ರುಚಿಯಾಗಿಯೇ ಇರುತ್ತದೆ.