ನಿಮಗಿದು ಗೊತ್ತೆ?: ಮೆತ್ತಗಿನದನ್ನು ತಿಂದರೆ ಮುಖ ಚಿಕ್ಕದು!

ಬೇಯಿಸಿದ್ದನ್ನೇ ತಿಂದು ಬೆಳೆದರೆ ಮುಖದ ಮೂಳೆಯೂ ಕಡಿಮೆ ಬೆಳೆಯುತ್ತದೆ! ಇದನ್ನು ತೋರಿಸಿಕೊಟ್ಟದ್ದು ಆಫ್ರಿಕಾದ ಬಂಡೆಗಳ ಸಂದಿಯಲ್ಲಿ ವಾಸಿಸುವ ಹೈರಾಕ್ಸ್. (ನೋಡಲು ಬಾಲ ಕಾಣದ ಹೆಗ್ಗಣ, ಸಂಬಂಧದಲ್ಲಿ ಆನೆಯ ದಾಯಾದಿ.) ಹಾರ್ವರ್ಡ್ ವಿಜ್ಞಾನಿಗಳು ಒಂದು ಗುಂಪಿಗೆ ಹಸಿ ಮತ್ತು ಒಣ ಆಹಾರ ಕೊಟ್ಟರು, ಇನ್ನೊಂದಕ್ಕೆ ಬೇಯಿಸಿದ್ದು. ಮೆತ್ತಗಿನದನ್ನು ತಿಂದವುಗಳ ಮುಖದ ಕೆಳಭಾಗ, ಹಿಂಭಾಗಗಳ ಬೆಳವಣಿಗೆ ಸುಮಾರು ಶೇ 10ರಷ್ಟು ಕಡಿಮೆ ಇತ್ತು. ಈ ಫಲಿತಾಂಶ ಪ್ರಕಟವಾದದ್ದು 2004ರಲ್ಲಿ.

ಗಟ್ಟಿ ಪದಾರ್ಥ ಜಗಿದಾಗ ದವಡೆಯ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎಳೆಯ ಮೂಳೆ ಬೆಳೆಯಲು ಆ ಒತ್ತಡವೂ ಬೇಕು. ದವಡೆ ಚಿಕ್ಕದಾದರೆ ಹಲ್ಲುಗಳಿಗೆ ಜಾಗ ಸಾಲದು.

ಹಾಗೆಂದು ಮೂವತ್ತು ದಾಟಿದವರು ಕೋಡುಬಳೆ ಕಡಿದು ಗದ್ದ ತಿದ್ದಿಕೊಳ್ಳಲಾಗದು. ಹೆಚ್ಚೆಂದರೆ ದವಡೆಯ ಸ್ನಾಯು ದಪ್ಪವಾದೀತು! ನಾಲಿಗೆಯನ್ನು ಅಂಗುಳಕ್ಕೆ ಒತ್ತಿಟ್ಟರೆ ಮುಖದ ಆಕಾರವೇ ಬದಲಾಗುತ್ತದೆ ಎನ್ನುವ ‘ಮ್ಯೂಯಿಂಗ್’ ಈಗ ರೀಲ್ಸ್‌ಗಳಲ್ಲಿ ಭರ್ಜರಿ. ಬ್ರಿಟನ್ನಿನ ದಂತವೈದ್ಯ ಜಾನ್ ಮ್ಯೂ ಹೆಸರಿನಿಂದ ಬಂದದ್ದು ಅದು. ವಯಸ್ಕರ ಮೂಳೆ ಅದರಿಂದ ಬದಲಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.